ದೋಣಿಗೆ ನೀರು ನುಗ್ಗಿದರೆ ಪಂಪು ಸಾಕೆ?

ದೋಣಿಯ ತಳದಲ್ಲಿ ಒಂದಂಗುಲ ವ್ಯಾಸದ ತೂತು. ಅದು ನೀರಿನ ಮಟ್ಟದಿಂದ ಒಂದಡಿ ಕೆಳಗಿದೆ ಎನ್ನೋಣ. ನಿಮಿಷಕ್ಕೆ ಎಷ್ಟು ನೀರು ಒಳಬಂದೀತು? ಸುಮಾರು 74 ಲೀಟರ್! ಇಟಲಿಯ ಟೊರಿಸೆಲ್ಲಿ 17ನೇ ಶತಮಾನದಲ್ಲೇ ಇದಕ್ಕೆ ನಿಯಮ ಕೊಟ್ಟಿದ್ದಾನೆ. ತೂತಿನ ವ್ಯಾಸ ಎರಡರಷ್ಟಾದರೆ ನೀರು ನಾಲ್ಕರಷ್ಟು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ.

ಈ ನೀರನ್ನು ಹೊರಹಾಕಲು ಬ್ಯಾಟರಿಯಿಂದ ನಡೆಯುವ ಬಿಲ್ಜ್ ಪಂಪು ಬೇಕು. ಚಿಕ್ಕ ಪಂಪಿನ ಮೇಲೆ ಗಂಟೆಗೆ 500 ಗ್ಯಾಲನ್ ಎಂದು ಬರೆದಿರುತ್ತದೆ. ಅಮೆರಿಕದ ಗ್ಯಾಲನ್ನಿಗೆ 3.8 ಲೀಟರ್, ಅಂದರೆ ನಿಮಿಷಕ್ಕೆ 32 ಲೀಟರಿಗೂ ಕಡಿಮೆ. ಅದೂ ಸಾಮಾನ್ಯವಾಗಿ ನೀರನ್ನು ಮೇಲೆತ್ತದೆ ಅಳೆದ ಅಂಕಿ! ಬ್ಯಾಟರಿ ಸೊರಗಿದರಂತೂ ಇನ್ನೂ ಇಳಿಯುತ್ತದೆ. ಸಾವಿರ ಗ್ಯಾಲನ್ನಿಗಿಂತ ಚಿಕ್ಕದನ್ನು ಕೊಳ್ಳುವುದು ನನ್ನ ಮಟ್ಟಿಗೆ ಉಳಿತಾಯವಲ್ಲ.

ಪಂಪನ್ನು ತಳದ ಅತಿ ತಗ್ಗಿನಲ್ಲಿ ಕೂರಿಸಬೇಕು. ಕೊಳವೆಯ ಒಳಮೈ ನುಣುಪಾಗಿರಲಿ. ಅದರ ಹೊರಬಾಯಿ ನೀರಿನ ಮಟ್ಟಕ್ಕಿಂತ ಸಾಕಷ್ಟು ಎತ್ತರದಲ್ಲಿರಬೇಕು. ದೋಣಿ ವಾಲಿ ಅದು ಮುಳುಗಿತೋ, ಪಂಪು ನಿಂತೊಡನೆ ಸೈಫನ್ ಕ್ರಿಯೆಯಿಂದ ಸಮುದ್ರವೇ ಒಳಗೆ ಬರುತ್ತದೆ! ಕಸ ಸಿಕ್ಕಿ ಪಂಪು ತಿರುಗದೆ ನಿಂತರೆ ತಂತಿ ಕಾದು ಬೆಂಕಿ ಹತ್ತೀತು; ಅದಕ್ಕೇ ಬ್ಯಾಟರಿಯ ಬಳಿಯಲ್ಲೇ ಫ್ಯೂಸು. ಮನೆಯ ಟ್ಯಾಂಕಿನಲ್ಲಿರುವಂಥ ತೇಲುವ ಸ್ವಿಚ್ಚಿದ್ದರೆ ನೀರೇರಿದಾಗ ಪಂಪು ತಾನಾಗಿ ಓಡುತ್ತದೆ.

ಬ್ಯಾಟರಿಯೇ ಮುಳುಗಿದರೆ? ದೋಣಿಯಲ್ಲಿ ಒಂದು ಗಟ್ಟಿ ಬಕೆಟ್ಟೂ ಇರಲಿ.