ತಾತಗುಣಿಯ ಚಿತ್ರಕಾರ

ಚಿತ್ರಕಾರನೆಂದರೆ ಮನೆಮಠಗಳನ್ನು ತೊರೆದು, ಕಡಲಾಚೆಯ ಯಾವುದೋ ದ್ವೀಪಕ್ಕೆ ಓಡಿಹೋಗಿ, ಬಡತನದಲ್ಲಿಯೂ ರೋಗದಲ್ಲಿಯೂ ನರಳಿ, ಸತ್ತ ಮೇಲೆ ಕೀರ್ತಿ ಪಡೆಯುವವನು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕವಾಗಿ ಓದುವ ಮಿತ್ರರು ಸಾಮರ್ಸೆಟ್ ಮಾಮ್ 1919ರಲ್ಲಿ ಪ್ರಕಟಿಸಿದ ‘ದಿ ಮೂನ್ ಅಂಡ್ ಸಿಕ್ಸ್‌ಪೆನ್ಸ್’ ಕಾದಂಬರಿಯನ್ನು ಬಲ್ಲರು. ಅದರ ನಾಯಕನ ಪಾತ್ರಕ್ಕೆ ಪ್ರೇರಣೆ ಫ್ರಾನ್ಸಿನ ಚಿತ್ರಕಾರ ಪಾಲ್ ಗೋಗ್ಯಾಂ.

ಗೋಗ್ಯಾಂ 1848ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ. ಷೇರು ದಲ್ಲಾಳಿಯಾಗಿ ಚೆನ್ನಾಗಿ ಸಂಪಾದಿಸುತ್ತಿದ್ದವನು ಚಿತ್ರಕಲೆಗೆ ಒಲಿದು, ಹೆಂಡತಿಯಿಂದಲೂ ಐವರು ಮಕ್ಕಳಿಂದಲೂ ದೂರವಾಗಿ, 1891ರಲ್ಲಿ ಟಹೀಟಿ ದ್ವೀಪವನ್ನು ಸೇರಿದ. ನಾಗರಿಕತೆಯ ಸೋಂಕಿಲ್ಲದ ಸ್ವರ್ಗ ಅಲ್ಲಿದೆಯೆಂದು ಅವನು ನಂಬಿದ್ದ. ಆದರೆ ಕಂಡದ್ದು ಫ್ರೆಂಚರ ವಸಾಹತನ್ನು. ಅವರ ಅಧಿಕಾರಿಗಳನ್ನು, ಅವರ ಚರ್ಚುಗಳನ್ನು. ಇಲ್ಲದ ಸ್ವರ್ಗವನ್ನು ಅವನು ಬಟ್ಟೆಯ ಮೇಲೆ ಬಣ್ಣಗಳಲ್ಲಿ ನಿರ್ಮಿಸಿಕೊಂಡ. ಆ ಬಣ್ಣಗಳು ಜಗತ್ತಿನ ಚಿತ್ರಕಲೆಯನ್ನೇ ಬದಲಿಸಿದುವು, ನಿಜ. ಆದರೆ ಅಲ್ಲಿನ ಎಳೆಯ ಹುಡುಗಿಯರನ್ನು, ಹದಿನಾಲ್ಕು ತುಂಬದವರನ್ನೂ ಸಹ, ಅವನು ಸಂಗಾತಿಗಳನ್ನಾಗಿ ಇಟ್ಟುಕೊಂಡನೆಂಬುದನ್ನು ಇಂದು ಯಾರೂ ಮರೆಮಾಚಲಾರರು. 1903ರಲ್ಲಿ ಮಾರ್ಕ್ವೆಸಾಸ್ ದ್ವೀಪಸ್ತೋಮದ ಹಿವಾ ಓವಾದಲ್ಲಿ ತೀರಿಕೊಂಡ. ದ್ವೀಪ ಅವನಿಗೆ ಎಲ್ಲವನ್ನೂ ಕೊಟ್ಟಿತು. ದ್ವೀಪಕ್ಕೆ ಅವನು ಕೊಟ್ಟದ್ದೇನು?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನೆರೆಯಲ್ಲಿಯೇ ನೆಲೆಸಿದ್ದ ಇನ್ನೊಬ್ಬ ಪರದೇಶಿ ಚಿತ್ರಕಾರರ ಜೀವನವನ್ನು ನೋಡೋಣ. ಮಂಡ್ಯ, ಮದ್ದೂರಿನ ಮಿತ್ರರು ಬೆಂಗಳೂರಿಗೆ ಮೈಸೂರು ಹೆದ್ದಾರಿಯಲ್ಲಿ ಹೋಗುತ್ತಾರೆ. ಮಳವಳ್ಳಿ ಕಡೆಯ ನಮಗೆ ಹಲಗೂರು, ಸಾತನೂರು, ಕನಕಪುರ, ಹಾರೋಹಳ್ಳಿಗಳ ದಾರಿ. ಕಗ್ಗಲೀಪುರ ದಾಟಿ ಬೆಂಗಳೂರು ಸಮೀಪಿಸುವಾಗ ತಾತಗುಣಿ ಸಿಗುತ್ತದೆ. ಈ ದಾರಿಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹೋಗಿರುವ ನನಗೆ, ಅಲ್ಲಿನ ಮರಗಳ ನಡುವೆ ರಷ್ಯದ ಕಲಾವಿದರೊಬ್ಬರು ದಶಕಗಳ ಕಾಲ ಬಾಳಿದರೆಂಬುದು ತಿಳಿದದ್ದು ಕಾಲೇಜಿಗೆ ಬಂದ ಮೇಲೆ.

ಅವರೇ ಸ್ವೆತೊಸ್ಲಾವ್ ರೋರಿಕ್. ಹುಟ್ಟಿದ್ದು 1904ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ತಂದೆ ನಿಕೊಲಾಸ್ ರೋರಿಕ್ ಹಿಮಾಲಯದ ಚಿತ್ರಗಳಿಂದ ವಿಶ್ವವಿಖ್ಯಾತರಾದವರು. ಯುದ್ಧಕಾಲದಲ್ಲಿಯೂ ಕಲಾಕೃತಿಗಳನ್ನು, ವಿದ್ಯಾಸಂಸ್ಥೆಗಳನ್ನು ರಕ್ಷಿಸಬೇಕೆಂಬ ಅವರ ಪ್ರಯತ್ನದ ಫಲವಾಗಿ 1935ರಲ್ಲಿ ವಾಷಿಂಗ್‌ಟನ್ನಿನಲ್ಲಿ ‘ರೋರಿಕ್ ಒಪ್ಪಂದ’ಕ್ಕೆ ಸಹಿ ಬಿದ್ದಿತು. ರಷ್ಯದ ಕ್ರಾಂತಿಯ ಬಳಿಕ ದೇಶ ಬಿಟ್ಟ ಈ ಕುಟುಂಬ 1928ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿತು. ಲಂಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ವಾಸ್ತುಶಿಲ್ಪವನ್ನು ಅಭ್ಯಾಸ ಮಾಡಿದ್ದ ಸ್ವೆತೊಸ್ಲಾವರು 1931ರಲ್ಲಿ ಅಲ್ಲಿಗೆ ಬಂದರು. 1945ರಲ್ಲಿ ‘ಬಾಂಬೆ ಟಾಕೀಸ್’ನ ಪ್ರಸಿದ್ಧ ನಟಿ ದೇವಿಕಾರಾಣಿಯವರನ್ನು ವಿವಾಹವಾದರು. ಕೆಲವು ವರ್ಷಗಳಲ್ಲಿ ದಂಪತಿಗಳು ಹಿಮಾಲಯವನ್ನು ಬಿಟ್ಟು ನಮ್ಮ ಕೆಂಪುಮಣ್ಣಿನ ನಾಡಿಗೆ ಬಂದರು.

ತಾತಗುಣಿಯ ಸುಮಾರು 470 ಎಕರೆಯ ತೋಟ ಅವರ ಪಾಲಿಗೆ ಒಂದು ದ್ವೀಪವೇ ಆಗಿದ್ದಿತೆನ್ನಬಹುದು. ಆದರೆ ಅದು ಸೋಮಾರಿಯ ದ್ವೀಪವಾಗಿರಲಿಲ್ಲ. ಅಲ್ಲಿ ಅವರು ಲಿನಾಲೋ ಎಂಬ ಪರಿಮಳದ ಮರಗಳನ್ನು ಬೆಳೆಸಿದರು. ಈ ಮರದ ಮೂಲ ಮೆಕ್ಸಿಕೋ ದೇಶ. ಇದರ ಕಾಯಿಯ ಸಿಪ್ಪೆಯನ್ನು ಭಟ್ಟಿ ಇಳಿಸಿದರೆ ಸುಗಂಧದ್ರವ್ಯಗಳಿಗೆ ಬೇಕಾದ ಎಣ್ಣೆ ದೊರೆಯುತ್ತದೆ. ಮರವೂ ಪರದೇಶದ್ದು, ನೆಟ್ಟವರೂ ಪರದೇಶದವರು; ಬೇರು ಬಿಟ್ಟದ್ದು ಮಾತ್ರ ನಮ್ಮ ಮಣ್ಣಿನಲ್ಲಿ.

ಅವರ ಕುಂಚವೂ ಹಾಗೆಯೇ ಇಲ್ಲಿ ಬೇರು ಬಿಟ್ಟಿತು. ಹಿಮಶಿಖರಗಳನ್ನು ಬರೆದ ಕೈ ದಕ್ಷಿಣದ ಉರಿಬಿಸಿಲನ್ನು, ದುಡಿಯುವ ಹಳ್ಳಿಗರನ್ನು, ತಲೆಯ ಮೇಲೆ ಹೊರೆ ಹೊತ್ತ ಹೆಂಗಸರನ್ನು ಬರೆಯಿತು. ದೆಹಲಿಯ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲಿಗೆಂದು ನೆಹರೂರವರ ಭಾವಚಿತ್ರವನ್ನು ರಚಿಸಿದವರೂ ಇವರೇ. 1961ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಎಂ. ಎಸ್. ನಂಜುಂಡರಾಯರು ಕಟ್ಟಿ ಬೆಳೆಸಿದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ರೋರಿಕ್‌ರವರು ಆತ್ಮೀಯರಾಗಿದ್ದರು. ತಂದೆಮಕ್ಕಳಿಬ್ಬರ ಚಿತ್ರಗಳ ಸಂಗ್ರಹ ಅಲ್ಲಿದೆ. ಮೊದಲ ಸಲ ಅವುಗಳ ಮುಂದೆ ನಿಂತಾಗ, ನಾನು ದಿನವೂ ಕಾಣುವ ಸಂಜೆಯ ಬಣ್ಣವನ್ನು ಹೊರನಾಡಿನವರೊಬ್ಬರು ನನಗಿಂತ ಚೆನ್ನಾಗಿ ಕಂಡಿದ್ದಾರೆಂದು ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಬಾಳಿನ ಕೊನೆ ಮಾತ್ರ ಪ್ರಶಾಂತವಾಗಿರಲಿಲ್ಲ. 1993ರ ಜನವರಿಯಲ್ಲಿ ರೋರಿಕ್‌ರವರೂ, 1994ರ ಮಾರ್ಚಿಯಲ್ಲಿ ದೇವಿಕಾರಾಣಿಯವರೂ ಕಣ್ಮುಚ್ಚಿದರು. ಮಕ್ಕಳಿರಲಿಲ್ಲ. ತೋಟ ಯಾರದೆಂಬ ವ್ಯಾಜ್ಯ ಹುಟ್ಟಿತು. 1996ರಲ್ಲಿ ರಾಜ್ಯದ ವಿಧಾನಮಂಡಲ ವಿಶೇಷ ಕಾನೂನನ್ನೇ ಮಾಡಿ ಎಸ್ಟೇಟನ್ನು ಸರ್ಕಾರದ ವಶಕ್ಕೆ ತಂದಿತು. ಆ ಕಾನೂನನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು 2011ರಲ್ಲಿ. ನೆಲದ ಪ್ರಶ್ನೆಯನ್ನು ನ್ಯಾಯಾಲಯ ತೀರ್ಮಾನಿಸಬಲ್ಲುದು. ಆದರೆ ಆ ಚಿತ್ರಗಳನ್ನು ನೋಡುವ ಕಣ್ಣು ಯಾರದೆಂಬುದನ್ನು ತೀರ್ಮಾನಿಸಬೇಕಾದವರು ನಾವು.

ಹೊರಗಿನವರು ಬಂದು ನಮ್ಮವರಾಗುವುದು ಮಂಡ್ಯದವರಿಗೆ ಹೊಸದಲ್ಲ. ನಮ್ಮ ಸಕ್ಕರೆ ಕಾರ್ಖಾನೆಗಾಗಿ ದುಡಿದ ಕೆನಡಾದ ಲೆಸ್ಲಿ ಕೋಲ್ಮನ್ನರನ್ನು ಈ ಜಿಲ್ಲೆ ಇಂದಿಗೂ ನೆನೆಯುತ್ತದೆ. ಒಂದು ನಾಡನ್ನು ಬರಿಯ ಕನಸಿನ ಪರದೆಯಾಗಿ ಬಳಸಿಕೊಂಡವನಿಗೂ, ಅಲ್ಲಿ ಮರ ನೆಟ್ಟು, ಬಾಳಿ, ಚಿತ್ರಗಳನ್ನು ಬಿಟ್ಟುಹೋದವನಿಗೂ ಇರುವ ವ್ಯತ್ಯಾಸ ದೊಡ್ಡದು. ಗೋಗ್ಯಾಂನ ಚಿತ್ರಗಳನ್ನು ಕಾಣಲು ಸಮುದ್ರ ದಾಟಬೇಕು. ರೋರಿಕ್‌ರ ಚಿತ್ರಗಳನ್ನು ಕಾಣಲು ಮಳವಳ್ಳಿಯ ಬಸ್ಸು ಹತ್ತಿದರೆ ಸಾಕು. ತಾತಗುಣಿ ಬಂದಾಗ ನಿದ್ದೆ ಮಾಡದಿದ್ದರೆ ಇನ್ನೂ ಒಳ್ಳೆಯದು.