ಸಿಸ್ಟರ್‌ಗಳ ಸಂಬಳ, ಹಳೆ ಹುಡುಗರ ಉಯಿಲು

ಫಿಲಡೆಲ್ಫಿಯಾ ನಗರದ ಬ್ರಾಡ್ ಮತ್ತು ವೈನ್ ಬೀದಿಗಳು ಕೂಡುವಲ್ಲಿರುವ ರೋಮನ್ ಕ್ಯಾಥೊಲಿಕ್ ಹೈಸ್ಕೂಲಿನ ಹುಡುಗರಿಗೆ 'ಕಾಹಿಲೈಟ್ಸ್' ಎಂಬ ಹೆಸರು. ಆ ಹೆಸರಿಗೆ ಕಾರಣನಾದ ಥಾಮಸ್ ಕಾಹಿಲ್ ಈ ಶಾಲೆಯಲ್ಲಿ ಓದಿದವನಲ್ಲ, ಅದನ್ನು ನೋಡಿದವನೂ ಅಲ್ಲ. ವ್ಯಾಪಾರದಲ್ಲಿ ಕೈತುಂಬ ಗಳಿಸಿದ ಆತ 1878ರಲ್ಲಿ ತೀರಿಕೊಂಡ. ಶಾಲೆ ಬಾಗಿಲು ತೆರೆದದ್ದು 1890ರಲ್ಲಿ. ಪ್ರಾಥಮಿಕ ಶಾಲೆ ಮುಗಿಸಿದ ಬಡ ಕ್ಯಾಥೊಲಿಕ್ ಹುಡುಗರು ದುಡ್ಡಿಲ್ಲವೆಂದು ಓದು ಬಿಡಬಾರದು ಎಂದು ಅವನು ಉಯಿಲಿನಲ್ಲಿ ಬರೆದಿಟ್ಟ ಆಸ್ತಿಯಿಂದಲೇ ಅದು ಎದ್ದು ನಿಂತಿತು. ಅಮೆರಿಕದಲ್ಲಿ ಧರ್ಮಪ್ರಾಂತವೊಂದು ಶುಲ್ಕವಿಲ್ಲದೆ ನಡೆಸಿದ ಮೊದಲ ಕ್ಯಾಥೊಲಿಕ್ ಹೈಸ್ಕೂಲು ಇದೇ.

ಶಾಲೆಗೆ ಆಸ್ತಿಯಲ್ಲಿ ಪಾಲು ಬರೆದಿಡುವುದು ಆ ದೇಶಕ್ಕೆ ಹೊಸದಾಗಿರಲಿಲ್ಲ. 1790ರಲ್ಲಿ ತೀರಿಕೊಂಡ ಬೆಂಜಮಿನ್ ಫ್ರಾಂಕ್ಲಿನ್, ತಾನು ಅಕ್ಷರ ಕಲಿತ ಬಾಸ್ಟನ್ನಿನ ಉಚಿತ ಶಾಲೆಗಳಿಗೆ ನೂರು ಪೌಂಡ್ ಬಿಟ್ಟುಹೋಗಿದ್ದ. ಅದರ ಬಡ್ಡಿಯಲ್ಲಿ ಜಾಣ ಮಕ್ಕಳಿಗೆ ಬೆಳ್ಳಿ ಪದಕ ಕೊಡಬೇಕೆಂಬುದು ಅವನ ಆಸೆ. ಫಿಲಡೆಲ್ಫಿಯಾದ ಕ್ಯಾಥೊಲಿಕರಿಗೆ ಬೇಕಿದ್ದದ್ದು ಪದಕವಲ್ಲ, ಶಾಲೆಯೇ. ಸರ್ಕಾರಿ ಶಾಲೆಗಳಲ್ಲಿ ಪ್ರೊಟೆಸ್ಟೆಂಟರ ಬೈಬಲ್ ಓದಿಸುತ್ತಿದ್ದರು. ಅದರ ಸುತ್ತ ಎದ್ದ ಜಗಳ 1844ರಲ್ಲಿ ದೊಂಬಿಯಾಗಿ, ಸೇಂಟ್ ಮೈಕೇಲ್ ಮತ್ತು ಸೇಂಟ್ ಆಗಸ್ಟೀನ್ ಚರ್ಚುಗಳು ಸುಟ್ಟುಹೋದವು. ನಮ್ಮ ಮಕ್ಕಳಿಗೆ ನಮ್ಮದೇ ಶಾಲೆ ಎಂಬ ಹಟ ಆಗಲೇ ಗಟ್ಟಿಯಾಯಿತು. 1884ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಬಿಷಪ್ಪರ ಮಹಾಸಭೆ, ಪ್ರತಿ ಚರ್ಚಿನ ಪಕ್ಕದಲ್ಲೂ ಶಾಲೆ ಇರಲೇಬೇಕೆಂದು ಕಟ್ಟಪ್ಪಣೆ ಮಾಡಿತು.

ಅಪ್ಪಣೆ ಮಾಡುವುದು ಸುಲಭ. ಪಾಠ ಹೇಳುವವರಿಗೆ ಸಂಬಳ ಕೊಡುವವರು ಯಾರು?

ಕೊಡಬೇಕಾದ ಪ್ರಸಂಗವೇ ಅಷ್ಟಾಗಿ ಬರಲಿಲ್ಲ. ಕರಿಹಲಗೆಯ ಮುಂದೆ ನಿಂತಿದ್ದವರು ಬಹುತೇಕ ಸಿಸ್ಟರ್‌ಗಳು, ಬ್ರದರ್‌ಗಳು, ಪಾದ್ರಿಗಳು. ಬಡತನದ ವ್ರತ ತೊಟ್ಟವರು. ಊಟ, ವಸತಿ, ಮೇಲೊಂದಿಷ್ಟು ಪುಡಿಗಾಸು, ಅಷ್ಟೇ. 1960ರ ಸುಮಾರಿನಲ್ಲೂ ಅಮೆರಿಕದ ಕ್ಯಾಥೊಲಿಕ್ ಶಾಲೆಗಳ ನಾಲ್ವರು ಶಿಕ್ಷಕರಲ್ಲಿ ಮೂವರು ಇಂಥವರೇ. ವಿಶ್ವವಿದ್ಯಾಲಯಗಳು ಷೇರುಪೇಟೆಯಲ್ಲಿ ದತ್ತಿನಿಧಿ ಬೆಳೆಸುತ್ತಿದ್ದ ಕಾಲದಲ್ಲಿ ಈ ಶಾಲೆಗಳ ದತ್ತಿನಿಧಿ ಕಾನ್ವೆಂಟಿನಲ್ಲಿ ವಾಸವಾಗಿತ್ತು. ಯಾವ ಲೆಕ್ಕಪುಸ್ತಕದಲ್ಲೂ ಅದರ ಮೊತ್ತ ಕಾಣಿಸುತ್ತಿರಲಿಲ್ಲ. ಕಟ್ಟಡದ ಮೇಲೆ ದಾನಿಯ ಹೆಸರು ಕೆತ್ತುತ್ತಾರೆ. ನಲವತ್ತು ವರ್ಷ ಬೀಜಗಣಿತ ಹೇಳಿಕೊಟ್ಟ ಸಿಸ್ಟರ್ ಹೆಸರನ್ನು ಎಲ್ಲಿ ಕೆತ್ತಿದ್ದಾರೆ, ಹುಡುಕಿ ನೋಡಬೇಕು.

ಹೆಸರೇ ಬೇಡವೆಂದ ದಾನಿಯೂ ಒಬ್ಬರಿದ್ದರು. ನ್ಯೂಯಾರ್ಕಿನ ಮೇಯರ್ ಆಗಿದ್ದ ಹ್ಯೂ ಗ್ರ್ಯಾಂಟ್ 1910ರಲ್ಲಿ ತೀರಿಕೊಂಡ ಮೇಲೆ ಪತ್ನಿ ಜೂಲಿಯಾ ಗ್ರ್ಯಾಂಟ್, ಬಡ ಕ್ಯಾಥೊಲಿಕ್ ಹುಡುಗರಿಗೊಂದು ಹೈಸ್ಕೂಲು ಕಟ್ಟಲು ಜೆಸ್ಯೂಟ್ ಪಾದ್ರಿಗಳಿಗೆ ಹಣ ಕೊಟ್ಟರು. ಮ್ಯಾನ್‌ಹ್ಯಾಟನ್ನಿನ 84ನೇ ಬೀದಿಯ ಆ ರೀಜಿಸ್ ಹೈಸ್ಕೂಲು 1914ರಲ್ಲಿ ಶುರುವಾಯಿತು. ಹಣ ಕೊಟ್ಟವರು ಯಾರೆಂದು ಹುಡುಗರಿಗೆ ಹೇಳುತ್ತಿರಲಿಲ್ಲ. ಅವರ ಪಾಲಿಗೆ ಆಕೆ ಬರೀ 'ಸ್ಥಾಪಕಿ'. ಮುಂದೆ ಅಮೆರಿಕದ ಕೋವಿಡ್ ವೈದ್ಯರೆಂದೇ ಜಗತ್ತಿಗೆ ಪರಿಚಿತರಾದ ಆಂಟನಿ ಫೌಚಿ 1958ರಲ್ಲಿ ಓದು ಮುಗಿಸಿ ಹೊರಬಂದದ್ದು ಇಲ್ಲಿಂದಲೇ, ಬಿಡಿಗಾಸು ಶುಲ್ಕ ಕಟ್ಟದೆ. ಆದರೆ ಒಂದು ಮನೆತನದ ಹಣ ಎಷ್ಟು ಕಾಲ ಬಾಳೀತು? 1960ರ ದಶಕದಲ್ಲಿ ಖರ್ಚು ಏರತೊಡಗಿದಾಗ ರೀಜಿಸ್ ತನ್ನ ಹಳೆಯ ವಿದ್ಯಾರ್ಥಿಗಳತ್ತ ಕೈಚಾಚಿತು. ಇಂದಿಗೂ ಅಲ್ಲಿ ಶುಲ್ಕವಿಲ್ಲ.

ಆ ದಶಕ ಎಲ್ಲ ಕ್ಯಾಥೊಲಿಕ್ ಶಾಲೆಗಳ ಲೆಕ್ಕವನ್ನೂ ತಲೆಕೆಳಗು ಮಾಡಿತು. 1965ರ ಹೊತ್ತಿಗೆ ಸುಮಾರು 1 ಲಕ್ಷ 80 ಸಾವಿರವಿದ್ದ ಅಮೆರಿಕದ ಸಿಸ್ಟರ್‌ಗಳ ಸಂಖ್ಯೆ ಇಳಿಯುತ್ತ ಹೋಯಿತು. ಈಗ 40 ಸಾವಿರವೂ ಇಲ್ಲ. ಇಂದಿನ ಶಿಕ್ಷಕರಲ್ಲಿ ವ್ರತಸ್ಥರು ನೂರಕ್ಕೆ ಮೂವರೂ ಸಿಗುವುದಿಲ್ಲ. ಅವರ ಜಾಗಕ್ಕೆ ಬಂದವರು ಸಂಸಾರಸ್ಥರು, ಮನೆ ಬಾಡಿಗೆ ಕಟ್ಟಬೇಕಾದವರು. ಪೆನ್ಸಿಲ್ವೇನಿಯಾ ರಾಜ್ಯವು 1968ರಲ್ಲಿ ಖಾಸಗಿ ಶಾಲಾ ಶಿಕ್ಷಕರ ಸಂಬಳದ ಒಂದು ಭಾಗವನ್ನು ತಾನು ಭರಿಸುವುದಾಗಿ ಕಾನೂನು ಮಾಡಿತು. ಫಿಲಡೆಲ್ಫಿಯಾದವನೇ ಆದ ಆಲ್ಟನ್ ಲೆಮನ್ ಕೋರ್ಟಿಗೆ ಹೋದ. ಸರ್ಕಾರ ಧರ್ಮದೊಳಗೆ ತಲೆಹಾಕಿದಂತಾಗುತ್ತದೆ ಎಂದು 1971ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ಸಿಸ್ಟರ್‌ಗಳೂ ಇಲ್ಲ, ಸರ್ಕಾರವೂ ಇಲ್ಲ. ಉಳಿದದ್ದು ಶುಲ್ಕ ಏರಿಸುವುದು, ಇಲ್ಲವೇ ಇಲ್ಲಿ ಓದಿ ದೊಡ್ಡವರಾದವರ ಮನೆಬಾಗಿಲು ತಟ್ಟುವುದು.

ಕಾಹಿಲನ ಶಾಲೆಗೂ 1986ರಲ್ಲಿ ಬೀಗ ಬೀಳುವುದರಲ್ಲಿತ್ತು. ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಉಳಿಸಿಕೊಂಡರು. ವರ್ಷವರ್ಷದ ದೇಣಿಗೆ ಕರೆಂಟ್ ಬಿಲ್ಲಿಗೆ, ಸಂಬಳಕ್ಕೆ ಕರಗಿಹೋಗುತ್ತದೆ. ಅಸಲು ಮುಟ್ಟದೆ ಬಡ್ಡಿಯಲ್ಲಿ ಬಡಮಕ್ಕಳನ್ನು ಓದಿಸಬೇಕಾದರೆ ದೊಡ್ಡ ಇಡಿಗಂಟು ಬೇಕು. ಮಧ್ಯಮವರ್ಗದವನು ಅಂಥ ಗಂಟನ್ನು ಕೊಡಬಲ್ಲ ಸಂದರ್ಭ ಬದುಕಿನಲ್ಲಿ ಒಂದೇ, ಅದೂ ಬದುಕು ಮುಗಿದ ಮೇಲೆ.

ತೆರಿಗೆಯ ಲೆಕ್ಕವೂ ಇದಕ್ಕೆ ಒತ್ತಾಸೆಯಾಗಿದೆ. ಆಸ್ತಿಯ ಮೇಲಿನ ಮರಣತೆರಿಗೆಯಿಂದ ಧರ್ಮದತ್ತಿಗೆ ವಿನಾಯಿತಿ ಕೊಡುವ ಪದ್ಧತಿ ಅಮೆರಿಕದಲ್ಲಿ 1918ರಿಂದ ಇದೆ. ಆ ತೆರಿಗೆ ತಟ್ಟುವುದು ಭಾರಿ ಕುಳಗಳಿಗೆ ಮಾತ್ರ. ಸಾಮಾನ್ಯ ಕುಟುಂಬಗಳ ಯುಕ್ತಿ ಬೇರೆ. ನಿವೃತ್ತಿ ಖಾತೆಯ ಹಣ ಮಕ್ಕಳ ಕೈಗೆ ಹೋದರೆ ಅವರು ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಅದನ್ನು ತೆಗೆದು ಆದಾಯ ತೆರಿಗೆ ಕಟ್ಟಬೇಕು. ಶಾಲೆಗೆ ಹೋದರೆ ತೆರಿಗೆಯೇ ಇಲ್ಲ. ಆದ್ದರಿಂದ ಮನೆ ಮಕ್ಕಳಿಗೆ, ನಿವೃತ್ತಿ ಖಾತೆ ಶಾಲೆಗೆ ಎಂಬುದು ಸಲಹೆಗಾರರ ಮಾಮೂಲು ಮಾತು. ಉಯಿಲು ತಿದ್ದಿಸುವ ರಗಳೆಯೂ ಇಲ್ಲ. ನಾಮಿನಿ ಫಾರಂನಲ್ಲಿ ಶಾಲೆಯ ಹೆಸರು ಬರೆದು ಸಹಿ ಹಾಕಿದರೆ ಮುಗಿಯಿತು.

ಹೆಸರು ಬರೆಯುವುದರಲ್ಲೇ ತೊಡಕೂ ಇದೆ. ಸೇಂಟ್ ಜೋಸೆಫ್ ಹೆಸರಿನ ಶಾಲೆಗಳು ಊರೂರಲ್ಲಿವೆ. ಅದಕ್ಕೇ ಶಾಲೆಯ ಪೂರ್ತಿ ಹೆಸರು, ಊರು, ತೆರಿಗೆ ನೋಂದಣಿ ಸಂಖ್ಯೆ ಎಲ್ಲವನ್ನೂ ಬರೆಯಿರಿ ಎಂದು ಶಾಲೆಗಳೇ ಮಾದರಿ ಒಕ್ಕಣೆ ಕೊಡುತ್ತವೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಶಾಲೆಯ ಆಸ್ತಿ ಯಾರದ್ದು ಎಂಬುದು. ಪಾದ್ರಿಗಳ ಲೈಂಗಿಕ ದೌರ್ಜನ್ಯದ ಪರಿಹಾರ ಮೊಕದ್ದಮೆಗಳ ನಡುವೆ ಪೋರ್ಟ್‌ಲ್ಯಾಂಡ್ ಮಹಾಧರ್ಮಪ್ರಾಂತ 2004ರಲ್ಲಿ ದಿವಾಳಿ ಅರ್ಜಿ ಹಾಕಿದಾಗ, ಚರ್ಚು ಮತ್ತು ಶಾಲೆಗಳ ಆಸ್ತಿಯೂ ಆ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಕೋರ್ಟಿನಲ್ಲಿ ದೊಡ್ಡ ವಾದವೇ ನಡೆಯಿತು. ದೌರ್ಜನ್ಯಕ್ಕೆ ಒಳಗಾದವರಿಗೆ ಪರಿಹಾರ ಸಿಗಬೇಕಾದ್ದು ನ್ಯಾಯ. ಶಾಲೆಗೆಂದು ಬರೆದ ಹಣ ಶಾಲೆಗೇ ಸಲ್ಲಲಿ ಎಂಬ ದಾನಿಯ ಆತಂಕವೂ ಸುಳ್ಳಲ್ಲ.

ಭಾರತದ ಕ್ರೈಸ್ತರಿಗೆ ಈ ವಿಷಯದಲ್ಲಿ ಕಾನೂನೇ ಅಡ್ಡವಾಗಿತ್ತು. ಒಡಹುಟ್ಟಿದವರ ಮಕ್ಕಳೋ ಅವರಿಗಿಂತ ಹತ್ತಿರದ ಬಂಧುವೋ ಇರುವ ಕ್ರೈಸ್ತ, ಧರ್ಮಕಾರ್ಯಕ್ಕೆ ಆಸ್ತಿ ಬರೆಯಬೇಕಾದರೆ ಸಾಯುವ ಒಂದು ವರ್ಷ ಮೊದಲೇ ಉಯಿಲು ಮಾಡಿ, ಆರು ತಿಂಗಳೊಳಗೆ ಠೇವಣಿ ಇಡಬೇಕಿತ್ತು. ಸಾವಿನ ದಿನ ಯಾರಿಗೆ ಗೊತ್ತು? ಉತ್ತರಾಧಿಕಾರ ಕಾಯ್ದೆಯ ಈ 118ನೇ ಕಲಮನ್ನು ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಪ್ರಶ್ನಿಸಿದರು; 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಈಗ ಮಂಗಳೂರಿನ ಅಜ್ಜಿಯೊಬ್ಬಳು ಓದಿದ ಶಾಲೆಗೆ ತೋಟದ ಪಾಲು ಬರೆಯುತ್ತೇನೆಂದರೆ ಈ ಕಲಮು ಅಡ್ಡ ಬರುವುದಿಲ್ಲ. ತೆರಿಗೆಯ ಆಮಿಷವೂ ಇಲ್ಲ, ಏಕೆಂದರೆ ನಮ್ಮಲ್ಲಿ ಮರಣತೆರಿಗೆ 1985ರಲ್ಲೇ ಹೋಯಿತು.

ಉಯಿಲಿದ್ದ ಮಾತ್ರಕ್ಕೆ ಶಾಲೆ ಉಳಿಯುತ್ತದೆಂದೂ ಇಲ್ಲ. ಕಾಹಿಲನ ಊರಿನಲ್ಲೇ ಹುಡುಗಿಯರಿಗೆಂದು ಶುರುವಾಗಿ, ದಾನಿಯೊಬ್ಬರ ಸೋದರನ ಹೆಸರು ಹೊತ್ತ ಹ್ಯಾಲಹನ್ ಹೈಸ್ಕೂಲು 2021ರಲ್ಲಿ ಮುಚ್ಚಿತು. ರೋಮನ್ ಕ್ಯಾಥೊಲಿಕ್ ಹೈಸ್ಕೂಲು ನಡೆಯುತ್ತಿದೆ. ಆದರೆ ಶುಲ್ಕವಿಲ್ಲದ ಶಾಲೆ ಎಂಬ ಕಾಹಿಲನ ಮಾತು ಅಲ್ಲಿ ಉಳಿದಿಲ್ಲ. ವರ್ಷಕ್ಕೆ ಸಾವಿರಾರು ಡಾಲರ್ ಕಟ್ಟಬೇಕು. ಕಟ್ಟಲಾಗದ ಮನೆಯ ಹುಡುಗ ಈಗ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುತ್ತಾನೆ.