ಕೂತು ಓಡಿಸೋ ಕಳೆ ಯಂತ್ರ ಬೇಕಾ? ಮೊದಲು ಗಂಟೆ ಲೆಕ್ಕ ಹಾಕಿ

ಫೋನಲ್ಲಿ ರೀಲ್ಸ್ ನೋಡ್ತಾ ಹೋದ್ರೆ ಒಂದು ವಿಡಿಯೊ ಬಂದೇ ಬರುತ್ತೆ. ಯಾವುದೋ ದೇಶದ ಹಣ್ಣಿನ ತೋಟ, ಸಣ್ಣ ಗಾಡಿ ಮೇಲೆ ಒಬ್ಬ ಆರಾಮಾಗಿ ಕೂತು ಹೋಗ್ತಾನೆ, ಹಿಂದೆ ಹುಲ್ಲೆಲ್ಲಾ ಚಾಪೆ ಹಾಸಿದಂಗೆ ಆಗುತ್ತೆ. ಚಳ್ಳಕೆರೆ, ಮೊಳಕಾಲ್ಮುರು ಕಡೆ ದಾಳಿಂಬೆ, ಸಪೋಟ ಹಾಕಿರೋ ಹುಡುಗರು ಇದನ್ನೇ ಕಳಿಸಿ ಕೇಳ್ತಾರೆ: ‘ಇದು ನಮ್ಮ ತೋಟಕ್ಕೆ ಆಗುತ್ತಾ? ಕಡಿಮೆ ದುಡ್ಡಲ್ಲಿ ಯಾವುದು ತಗೋಬೇಕು?’

ಪ್ರಶ್ನೆ ಸರಿಯಾಗೇ ಇದೆ. ಶೇಂಗಾದಲ್ಲಿ ಕಳೆ ತೆಗೆಯೋ ಹೊತ್ತಿಗೇ ತೋಟದಲ್ಲೂ ಕಳೆ ಏಳುತ್ತೆ, ಆಗ ಆಳು ಸಿಗಲ್ಲ. ಕಳೆನಾಶಕ ಹೊಡೆಯೋಕೆ ಮನಸ್ಸಿಲ್ಲದವರಿಗೆ ಯಂತ್ರವೇ ದಾರಿ. ಆದರೆ ಯಾವ ಯಂತ್ರ ಅನ್ನೋದನ್ನ ಕಂಪನಿ ಹೆಸರು, ಎಚ್‌ಪಿ ನೋಡಿ ತೀರ್ಮಾನ ಮಾಡಬೇಡಿ. ವರ್ಷಕ್ಕೆ ಎಷ್ಟು ಗಂಟೆ ಕೆಲಸ ಇದೆ ಅನ್ನೋದೇ ಅದನ್ನ ಹೇಳುತ್ತೆ.

ಲಾನ್ ಮೋವರ್ ನಮ್ಮ ಹೊಲಕ್ಕಲ್ಲ

ವಿಡಿಯೊದಲ್ಲಿ ಕಾಣೋದು ಲಾನ್ ಮೋವರ್. ಅದನ್ನ ಮಾಡಿರೋದು ಸಮತಟ್ಟಾದ ಹುಲ್ಲುಹಾಸಿಗೆ. ಬ್ಲೇಡು ಗಾಡಿಯ ಹೊಟ್ಟೆ ಕೆಳಗೆ, ನೆಲಕ್ಕೆ ತೀರಾ ಹತ್ತಿರ ತಿರುಗುತ್ತೆ. ನಮ್ಮ ಕೆಂಪು ಮಸಾರಿ ನೆಲದಲ್ಲಿ ಗರಸು, ಕಲ್ಲು ಇದ್ದೇ ಇರ್ತವೆ. ಕಲ್ಲು ತಗುಲಿದ್ರೆ ಬ್ಲೇಡು ಬಾಗುತ್ತೆ, ಬೆಲ್ಟು ಹರಿಯುತ್ತೆ. ಬಿಡಿಭಾಗಕ್ಕೆ ದೊಡ್ಡ ಊರಿಗೇ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಾಮಾನ್ಯ ಲಾನ್ ಮೋವರಿಗೆ ಹಿಂದೆ ಕುಂಟೆ, ಸ್ಪ್ರೇಯರ್ ಹಾಕೋ ವ್ಯವಸ್ಥೆ ಇರಲ್ಲ. ಹುಲ್ಲು ಕತ್ತರಿಸೋದು ಬಿಟ್ಟರೆ ವರ್ಷವಿಡೀ ಶೆಡ್ಡಲ್ಲಿ ನಿಂತಿರುತ್ತೆ. ಅದಕ್ಕೆ ದುಡ್ಡು ಹಾಕಬೇಡಿ.

ನಮಗೆ ಇರೋ ಆಯ್ಕೆಗಳು

ಬ್ರಷ್ ಕಟರ್: ಹೆಗಲಿಗೆ ಹಾಕ್ಕೊಂಡು ಕತ್ತರಿಸೋದು. ಬದು, ಬೇಲಿ ಪಕ್ಕ, ಮೂಲೆ ಮುರುಕಿಗೆ ಇದನ್ನ ಬಿಟ್ಟರೆ ಬೇರೆ ಇಲ್ಲ. ಒಂದೆರಡು ಎಕರೆ ತೋಟಕ್ಕೆ ಇದೊಂದೇ ಸಾಕು. 2 ಸ್ಟ್ರೋಕ್ ಆದ್ರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಎಷ್ಟು ಅನ್ನೋದು ಆ ಯಂತ್ರದ ಪುಸ್ತಕದಲ್ಲಿರುತ್ತೆ, ಅಂದಾಜಿಗೆ ಹಾಕಬೇಡಿ. 4 ಸ್ಟ್ರೋಕಿಗೆ ಬೆರೆಸೋದು ಬೇಡ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇಲ್ಲದೆ ಚಾಲೂ ಮಾಡಬೇಡಿ. 15 ಮೀಟರ್ ಒಳಗೆ ಯಾರೂ ನಿಲ್ಲಬಾರದು, ಕಲ್ಲು ಸಿಡಿಯುತ್ತೆ.

ಪವರ್ ವೀಡರ್: ಹಿಂದೆ ನಡ್ಕೊಂಡು ಹೋಗೋದು. ಇದು ಕಳೆಯನ್ನ ಕತ್ತರಿಸಲ್ಲ, ಮಣ್ಣು ಸಮೇತ ಕೆದಕುತ್ತೆ. ತರಕಾರಿ ಸಾಲಿಗೆ ಚೆನ್ನಾಗಿದೆ. ತೋಟಕ್ಕೆ ಯಾಕೆ ಹುಷಾರಾಗಿರಬೇಕು ಅಂತ ಮುಂದೆ ಹೇಳ್ತೀನಿ.

ಕೂತು ಓಡಿಸೋ ಕಿರಿದಾದ ಯಂತ್ರ: ಸ್ವರಾಜ್ ಕಂಪನಿ 2021ರಲ್ಲಿ ‘ಕೋಡ್’ ಅಂತ ಸುಮಾರು 11 ಎಚ್‌ಪಿಯ ಪೆಟ್ರೋಲ್ ಯಂತ್ರ ಬಿಟ್ಟಿತು. ಅಗಲ ಸುಮಾರು 3 ಅಡಿ, ತೋಟಗಾರಿಕೆಗೆ ಅಂತಲೇ ಮಾಡಿದ್ದು. ವಿಡಿಯೊದ ಗಾಡಿಗೆ ಹತ್ತಿರದ್ದು ಅಂದ್ರೆ ಇದು.

ಮಿನಿ ಟ್ರ್ಯಾಕ್ಟರ್ ಜೊತೆ ಸ್ಲ್ಯಾಷರ್: 18–20 ಎಚ್‌ಪಿ ಗಾಡಿ, ಹಿಂದೆ ಪಿಟಿಒದಿಂದ ತಿರುಗೋ ಕತ್ತರಿ. ಇದೇ ಗಾಡಿಗೆ ಸ್ಪ್ರೇಯರ್, ಕುಂಟೆ, ಸಣ್ಣ ಟ್ರೈಲರ್ ಹಾಕಬಹುದು.

ಟೇಪ್ ಹಿಡಿದು ತೋಟಕ್ಕೆ ಹೋಗಿ

ಶೋರೂಮಿಗೆ ಹೋಗೋ ಮುಂಚೆ ಮೂರು ಅಳತೆ ಬರ್ಕೊಳ್ಳಿ. ಒಂದು, ಎರಡು ಸಾಲಿನ ರೆಂಬೆ ತುದಿಗಳ ನಡುವೆ ಉಳಿದಿರೋ ಜಾಗ. ಸಾಲಿನ ಅಂತರ 15 ಅಡಿ ಇದ್ರೂ ಗಿಡ ಹರಡಿದ ಮೇಲೆ 9 ಅಡಿ ಉಳಿದ್ರೆ ಹೆಚ್ಚು. ಎರಡು, ಸಾಲಿನ ಕೊನೆಯಲ್ಲಿ ಗಾಡಿ ತಿರುಗಿಸೋ ಜಾಗ. ಬೇಲಿವರೆಗೂ ಗಿಡ ಹಾಕಿದ್ರೆ ಪ್ರತಿ ಸಾಲಿಗೂ ಹಿಂದೆ ಮುಂದೆ ಮಾಡಬೇಕಾಗುತ್ತೆ. ಮೂರು, ಹನಿ ನೀರಾವರಿ ಪೈಪು ಗಿಡದಿಂದ ಎಷ್ಟು ದೂರ ಇದೆ ಅನ್ನೋದು. ಸಡಿಲ ಬಿಟ್ಟ ಪೈಪು ಬ್ಲೇಡಿಗೆ ಸುತ್ತಿಕೊಂಡ್ರೆ ಅವತ್ತಿನ ಕೆಲಸ ಅಲ್ಲಿಗೇ ನಿಂತಿತು.

ಈಗ ಗಂಟೆ ಲೆಕ್ಕ

ಒಂದು ಎಕರೆ ಅಂದ್ರೆ 43,560 ಚದರ ಅಡಿ. 15 ಅಡಿ ಸಾಲಿನಲ್ಲಿ ಒಟ್ಟು ಸಾಲಿನ ಉದ್ದ 2,904 ಅಡಿ, ಅಂದ್ರೆ ಸುಮಾರು 885 ಮೀಟರ್. ನಡುವಿನ 9 ಅಡಿಯನ್ನ 3 ಅಡಿ ಸ್ಲ್ಯಾಷರಲ್ಲಿ, ಒಂದರ ಮೇಲೊಂದು ಸ್ವಲ್ಪ ಕೂಡೋ ಹಾಗೆ ಹೊಡೆದ್ರೆ 4 ಸಲ ಓಡಾಡಬೇಕು. ಒಟ್ಟು ಮೂರೂವರೆ ಕಿಲೋಮೀಟರ್. ಗಂಟೆಗೆ ಎರಡೂವರೆ ಕಿಲೋಮೀಟರ್ ವೇಗದಲ್ಲಿ ಒಂದೂವರೆ ಗಂಟೆ ಹತ್ತಿರ, ತಿರುಗಿಸೋದು ಸೇರಿ 2 ಗಂಟೆ.

ವರ್ಷಕ್ಕೆ ಎಷ್ಟು ಸಲ? ನಮ್ಮದು ರಾಜ್ಯದಲ್ಲೇ ಕಡಿಮೆ ಮಳೆ ಬೀಳೋ ತಾಲ್ಲೂಕುಗಳು. ಬೇಸಿಗೆಯಲ್ಲಿ ಹನಿ ಬೀಳೋ ಜಾಗ ಬಿಟ್ಟು ಸಾಲಿನ ನಡುವೆ ಹುಲ್ಲೇ ಏಳಲ್ಲ. ಜೂನಿಂದ ನವೆಂಬರ್ ಒಳಗೆ 5 ಸಲ ಅಂತ ಇಟ್ಕೊಳ್ಳಿ. 4 ಎಕರೆಗೆ, ಸಲಕ್ಕೆ 2 ಗಂಟೆಯಂತೆ, ವರ್ಷಕ್ಕೆ 40 ಗಂಟೆ.

ಈಗ ದುಡ್ಡು. ಇವು ಲೆಕ್ಕಕ್ಕೆ ಅಂತ ಇಟ್ಕೊಂಡ ಅಂಕಿ, ನಿಮ್ಮೂರಿನ ದರ ಹಾಕಿ ಮತ್ತೆ ಮಾಡಿ. ಹಳೇ ಮಿನಿ ಟ್ರ್ಯಾಕ್ಟರ್, ಸ್ಲ್ಯಾಷರ್ ಸೇರಿ 3 ಲಕ್ಷ. ಹತ್ತು ವರ್ಷ ಓಡಿಸಿ 1 ಲಕ್ಷಕ್ಕೆ ಮಾರಿದ್ರೆ ವರ್ಷಕ್ಕೆ 20,000 ಸವಕಳಿ. ಬಡ್ಡಿ ಸರಾಸರಿ 20,000. ರಿಪೇರಿ, ಟೈರು, ಇನ್ಶೂರೆನ್ಸ್ 15,000. ಗಾಡಿ ಒಂದು ಗಂಟೆಯೂ ಓಡದೇ ಇದ್ರೂ ವರ್ಷಕ್ಕೆ 55,000 ಖರ್ಚು. ಓಡಿದ್ರೆ ಡೀಸೆಲ್, ಆಯಿಲ್, ಡ್ರೈವರ್ ಸೇರಿ ಗಂಟೆಗೆ 300. 40 ಗಂಟೆಗೆ 12,000. ಒಟ್ಟು 67,000.

ಬಾಡಿಗೆ ಗಂಟೆಗೆ 700 ಅಂದ್ಕೊಂಡ್ರೆ ಅದೇ 40 ಗಂಟೆಗೆ 28,000.

ಅಂದ್ರೆ 4 ಎಕರೆಯವನು ಸ್ವಂತ ಗಾಡಿ ತಗೊಂಡ್ರೆ ಎರಡು ಪಟ್ಟಿಗಿಂತ ಹೆಚ್ಚು ಕೊಡ್ತಾನೆ. ಒಂದು ವರ್ಷ ದಾಳಿಂಬೆ ರೇಟು ಬಿದ್ರೆ ಕಂತು ಮಾತ್ರ ನಿಲ್ಲಲ್ಲ. ಈ ಅಂಕಿಗಳ ಪ್ರಕಾರ ಸ್ವಂತ ಗಾಡಿ ಗಿಟ್ಟಬೇಕು ಅಂದ್ರೆ ವರ್ಷಕ್ಕೆ 138 ಗಂಟೆ ಕೆಲಸ ಬೇಕು. 55,000ವನ್ನ ಗಂಟೆಗೆ ಉಳಿಯೋ 400ರಿಂದ ಭಾಗಿಸಿದ್ರೆ ಬರೋ ಸಂಖ್ಯೆ ಅದು.

‘ಬಾಡಿಗೆ ಗಾಡಿ ಹೊತ್ತಿಗೆ ಸರಿಯಾಗಿ ಬರಲ್ಲ’ ಅಂತೀರಾ? ನಿಜ. ಅದಕ್ಕೆ ಪಕ್ಕಪಕ್ಕದ ಮೂವರು ಸೇರಿ ತಗೊಳ್ಳಿ. 12 ಎಕರೆಗೆ 120 ಗಂಟೆ ಕಳೆ ಕೆಲಸ, ಸಿಂಪಡಣೆ, ಗೊಬ್ಬರ ಸಾಗಿಸೋದು ಸೇರಿದ್ರೆ 138 ದಾಟುತ್ತೆ. ಆರ್‌ಸಿ ಯಾರ ಹೆಸರಲ್ಲಿ, ರಿಪೇರಿ ಹೆಂಗೆ ಹಂಚೋದು, ಮೊದಲು ಯಾರ ತೋಟ ಅನ್ನೋದನ್ನ ಕಾಗದದ ಮೇಲೆ ಬರ್ಕೊಳ್ಳಿ. ಸ್ನೇಹ ಉಳಿಯುತ್ತೆ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಏನು ಬಾಡಿಗೆಗೆ ಇದೆ, ದರ ಎಷ್ಟು ಅಂತಲೂ ಮೊದಲೇ ಕೇಳಿ ಇಟ್ಕೊಳ್ಳಿ.

ಕತ್ತರಿಸಿ, ಕೆದಕಬೇಡಿ

ದಾಳಿಂಬೆಯ ಆಹಾರ ಹೀರೋ ಬೇರುಗಳು ಮೇಲ್ಮಣ್ಣಲ್ಲೇ ಇರ್ತವೆ. ರೋಟವೇಟರ್ ಹೊಡೆದ್ರೆ ಅವು ತುಂಡಾಗಿ, ಆ ಗಾಯದಿಂದ ಸೊರಗು ರೋಗದ ಶಿಲೀಂಧ್ರ ಒಳಗೆ ಹೋಗಬಹುದು. ಜೇಕು, ಗರಿಕೆ ಇದ್ದರಂತೂ ಗಡ್ಡೆ, ಬಳ್ಳಿ ತುಂಡಾಗಿ ತೋಟದ ತುಂಬಾ ನಾಟಿ ಮಾಡಿದಂಗೆ. ಕತ್ತರಿಸಿದ ಹುಲ್ಲು ಅಲ್ಲೇ ಬಿದ್ರೆ ಮುಚ್ಚಿಗೆ ಆಗುತ್ತೆ, ತೇವ ಉಳಿಯುತ್ತೆ, ಜೋರು ಮಳೆಗೆ ಮಣ್ಣು ಕೊಚ್ಚಿ ಹೋಗಲ್ಲ. ಪಾರ್ಥೇನಿಯಂ ಮಾತ್ರ ಹೂ ಬಿಡೋ ಮುಂಚೆ ಕತ್ತರಿಸಿ. ಮತ್ತೆ ಚಿಗುರುತ್ತೆ, ಆಗಲೂ ಹೂವಿಗೆ ಬಿಡಬೇಡಿ. ಗಿಡದ ಬುಡದ ಎರಡಡಿಗೆ ಯಂತ್ರ ತರಬೇಡಿ, ಅಲ್ಲಿ ಕುಡುಗೋಲೇ ಸರಿ.

ಬಾಡಿಗೆ ಗಾಡಿ ಬಂದ್ರೆ ಇನ್ನೊಂದು ಎಚ್ಚರ. ಸೊರಗು ಬಂದ ತೋಟದ ಮಣ್ಣು ಟೈರಿಗೆ ಮೆತ್ತಿಕೊಂಡು ನಿಮ್ಮ ತೋಟಕ್ಕೂ ಬರುತ್ತೆ. ಗೇಟಿನ ಹೊರಗೇ ಟೈರು, ಬ್ಲೇಡು ತೊಳೆಸಿ ಒಳಗೆ ಬಿಡಿ. ಮುಜುಗರ ಬೇಡ. ದುಂಡಾಣು ಅಂಗಮಾರಿ ಇರೋ ತೋಟದಲ್ಲಿ ಎಲೆ ಒದ್ದೆ ಇರುವಾಗ ಯಂತ್ರ ಓಡಿಸಬೇಡಿ.

ಹಳೇ ಗಾಡಿ ನೋಡೋವಾಗ

- ಬೆಳಿಗ್ಗೆ ಬೇಗ ಹೋಗಿ, ಚಾಲೂ ಮಾಡೋ ಮುಂಚೆ ಇಂಜಿನ್ ಮುಟ್ಟಿ ನೋಡಿ. ಬಿಸಿ ಇದ್ರೆ ಆಗಲೇ ಒಮ್ಮೆ ಚಾಲೂ ಮಾಡಿದ್ದಾರೆ ಅಂತ. ತಣ್ಣಗಿದ್ದಾಗ ಚಾಲೂ ಆಗೋದೇ ಪರೀಕ್ಷೆ.
- ನೀಲಿ ಹೊಗೆ ನಿಲ್ಲದೇ ಬಂದ್ರೆ ಇಂಜಿನ್ ಆಯಿಲ್ ಸುಡ್ತಾ ಇದೆ, ಖರ್ಚು ದೊಡ್ಡದು. ಕಪ್ಪು ಹೊಗೆಗೆ ಏರ್ ಫಿಲ್ಟರ್ ಕೂಡ ಕಾರಣ ಇರಬಹುದು.
- ಹಿಂದೆ ಭಾರ ಎತ್ತಿಸಿ ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ಕಾಯಿರಿ. ಬೇಗ ಕೆಳಗೆ ಇಳಿದ್ರೆ ಹೈಡ್ರಾಲಿಕ್ ಸೋರ್ತಾ ಇದೆ.
- ಸ್ಲ್ಯಾಷರ್ ಹಾಕಿ ಪಿಟಿಒ ಓಡಿಸಿ ನೋಡದೆ ಮುಂಗಡ ಕೊಡಬೇಡಿ.
- ಎಂ-ಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ. ಸಾಲ ಇದ್ದ ಗಾಡಿ ಆದ್ರೆ ಬ್ಯಾಂಕಿನ ಎನ್ಒಸಿ, ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29, 30.

ಹೊಸದು, ಸಬ್ಸಿಡಿ

ಸಬ್ಸಿಡಿ ಸಿಗೋದು ಹೊಸ ಯಂತ್ರಕ್ಕೆ ಮಾತ್ರ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ಇದೆ. ಯಂತ್ರಕ್ಕೆ ತಕ್ಕಂತೆ ಗರಿಷ್ಠ ಮಿತಿ ಬೇರೆ ಬೇರೆ. ಎಫ್ಐಡಿ ನಂಬರ್, ಪಹಣಿ, ಆಧಾರ್ ತಗೊಂಡು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಈ ವರ್ಷ ಯಾವ ಯಂತ್ರಕ್ಕೆ ಎಷ್ಟು, ಅನುದಾನ ಉಳಿದಿದೆಯಾ ಅಂತ ಕೇಳಿ. ಸಬ್ಸಿಡಿ ಕಳೆದ ಮೇಲಿನ ಬೆಲೆಯನ್ನ ಹೊರಗಿನ ಅಂಗಡಿ ಬೆಲೆ ಜೊತೆ ಹೋಲಿಸಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಕೊಟೇಶನ್‌ನಲ್ಲಿ ಅದು ಕಾಣಿಸಬೇಕು.

ಕೊನೆಗೆ ಯಾರಿಗೆ ಯಾವುದು?

2 ಎಕರೆವರೆಗೆ: ಒಳ್ಳೇ ಬ್ರಷ್ ಕಟರ್ ಸಾಕು. 3ರಿಂದ 6 ಎಕರೆ: ಬದುವಿಗೆ ಸ್ವಂತ ಬ್ರಷ್ ಕಟರ್, ಸಾಲಿಗೆ ಬಾಡಿಗೆ ಅಥವಾ ಪಾಲುದಾರಿಕೆ ಗಾಡಿ. 12 ಎಕರೆ ದಾಟಿದ್ರೆ, ಇಲ್ಲಾ ಗಾಡಿಗೆ ಬೇರೆ ಕೆಲಸವೂ ಇದ್ರೆ: ಸ್ವಂತ ಮಿನಿ ಟ್ರ್ಯಾಕ್ಟರ್. ಇದರ ನಡುವೆ ಇರೋರು ಮೇಲಿನ ಲೆಕ್ಕಕ್ಕೆ ತಮ್ಮ ಅಂಕಿ ಹಾಕಿ ತೀರ್ಮಾನ ಮಾಡಿ.

ಇವತ್ತೇ ಫೋನಿನ ಕ್ಯಾಲ್ಕುಲೇಟರ್ ತೆಗೀರಿ. ಎಕರೆ, ಸಲ, ಗಂಟೆ, ಈ ಮೂರನ್ನ ಗುಣಿಸಿ. ಬಂದ ಸಂಖ್ಯೆ ಬರ್ಕೊಂಡು ಆಮೇಲೆ ಶೋರೂಮಿಗೆ ಫೋನ್ ಮಾಡಿ.